ಗೋಡೆಯ ಬದಿಯ ಕೇಪಳ

ಮೂಡುಬಿದಿರೆಯ ಮಹಿಳೆಯರ ಸಂಘವೊಂದರಲ್ಲಿ ನಾನು ಹಂಚಿದ ಪಟ್ಟಿಯ ಒಂದು ಪ್ರತಿ ಈಗಲೂ ಡೈರಿಯ ಒಳಗಿದೆ. ಒಂದೇ ಹಾಳೆ, ನಡುವೆ ಗೆರೆ. ಎಡಗಡೆ ‘ಆರೈಕೆ ಬೇಡದವು’: ಕೇಪಳ, ಕೆಂಪು ದಾಸವಾಳ, ಗೋರಟೆ, ಅಬ್ಬಲಿಗೆ. ಬಲಗಡೆ ‘ನಮ್ಮ ಮಣ್ಣಿಗೆ ಆಗದವು’: ನಂದಿಬಟ್ಟಲು, ರತ್ನಗಂಧಿ, ಬಿಳಿ ದಾಸವಾಳ. ಅಕ್ಷರ ಚೆನ್ನಾಗಿದೆ. ಆ ಹಾಳೆಯಲ್ಲಿ ಸರಿಯಾದದ್ದು ಅದೊಂದೇ.

ಮನೆ ಬಂಟ್ವಾಳದಲ್ಲಿ, ಕಾಲೇಜಿನ ಕೆಲಸ ಮೂಡುಬಿದಿರೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಹಿಂದೆ ಬರುವುದು. ನನಗೆ ಹೂ ಬೇಕಿತ್ತು, ಗಿಡದ ಕೆಲಸ ಬೇಡವಾಗಿತ್ತು. ಮಳೆ ಹಿಡಿದ ವಾರ ಬೆಳ್ತಂಗಡಿಯ ನರ್ಸರಿಯಿಂದ ಗಿಡ ತಂದು ಒಂದಷ್ಟನ್ನು ಪಡುಬದಿಯ ಗೋಡೆಯ ಉದ್ದಕ್ಕೆ, ಉಳಿದದ್ದನ್ನು ಗೇಟಿನ ಪಕ್ಕ ನೆಡಿಸಿದೆ. ನಮ್ಮ ಅಂಗಳದಲ್ಲಿ ಒಂದು ಅಡಿ ಅಗೆದರೆ ಮುರಕಲ್ಲು. ಹೊಂಡ ತೋಡಿದವರು, “ಎರಡು ಬೇಸಿಗೆ ನೀರು ಕೊಡಿ, ಬೇರು ಕಲ್ಲಿನ ಸಂದು ಹಿಡಿದ ಮೇಲೆ ಮತ್ತೆ ನೋಡುವುದು ಬೇಡ” ಎಂದಿದ್ದರು ಎಂದು ಈಗ ನೆನಪಾಗುತ್ತದೆ. ನಿಜವಾಗಿ ಹೇಳಿದ್ದರೋ, ಈಗ ಕಲಿತದ್ದನ್ನು ನಾನೇ ಅವರ ಬಾಯಿಗೆ ಹಾಕುತ್ತಿದ್ದೇನೋ, ಖಚಿತವಿಲ್ಲ.

ನೀರು ಕೊಡಲಿಲ್ಲ. ಬೇಸಿಗೆಯಲ್ಲಿ ಗೇಟಿನ ಬದಿಯವು ಒಣಗಿದವು. ಗೋಡೆಯ ಬದಿಯವು ಮೇ ತಿಂಗಳ ಬಿಸಿಲಲ್ಲೂ ಹೂ ಬಿಟ್ಟವು. ಬದುಕಿದವುಗಳ ಹೆಸರು ಎಡಕ್ಕೆ, ಸತ್ತವುಗಳ ಹೆಸರು ಬಲಕ್ಕೆ ಬರೆದೆ. ಗಿಡದ ಜಾತಿ ನೋಡಿದೆನೇ ಹೊರತು ಅದು ನಿಂತ ಜಾಗ ನೋಡಲಿಲ್ಲ. ನನ್ನ ವಿದ್ಯಾರ್ಥಿನಿ ಯಾರಾದರೂ ಇಂಥ ತೀರ್ಮಾನ ಬರೆದು ತಂದಿದ್ದರೆ ಹಾಳೆಯನ್ನು ಹಿಂದೆ ಕೊಡುತ್ತಿದ್ದೆ.

ಆ ಮಳೆಗಾಲದಲ್ಲಿ ಸಂಘದವರು ‘ಕೆಲಸವಿಲ್ಲದ ಕೈತೋಟ’ದ ಬಗ್ಗೆ ಮಾತಾಡಲು ಕರೆದರು. ಗೋಡೆಯ ಆಚೆ ಮನೆಯ ಅಕ್ಕನನ್ನೂ ಕರೆದುಕೊಂಡು ಹೋದೆ. ಅವರು ಮನೆಯಲ್ಲೇ ಬೀಡಿ ಕಟ್ಟುವವರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ‘ಟೀಚರೇ’ ಎಂದೇ ಕರೆಯುವುದು. ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮೈಕಿನ ಮುಂದೆ, “ಈ ಗಿಡಗಳಿಗೆ ನಾನು ಒಂದು ತೊಟ್ಟು ನೀರು ಹಾಕಿದವಳಲ್ಲ” ಎಂದೆ. ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ, “ಚೆಂದ ಮಾತಾಡಿದ್ರಿ ಟೀಚರೇ” ಎಂದರು. ಸಿದ್ದಕಟ್ಟೆ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಡಿಸೆಂಬರಿನಲ್ಲಿ ಗೋಡೆಗೆ ಬಿಳಿ ಬಣ್ಣ ಬಳಿಸಿದೆ. ವಾರದೊಳಗೆ ಅದರ ಮೇಲಿಂದ ಕೆಳಕ್ಕೆ ಕಂದು ನೀರಿನ ಗೆರೆಗಳು. ಗೋಡೆಗೆ ಕಲೆಯಾಗುತ್ತಿದೆ ಎಂದು ಅಕ್ಕನ ಮನೆಗೆ ಹೋಗಿ ಹೇಳಿಬಂದೆ. ಆ ದಿನದ ಡೈರಿಯಲ್ಲಿರುವುದು ಎರಡೇ ವಾಕ್ಯ: “ಗೋಡೆಯ ವಿಷಯ ಹೇಳಿದೆ. ಒಪ್ಪಿದರು.” ಓದಿದರೆ ತುಂಬ ಸಭ್ಯವಾಗಿ ನಡೆದ ಹಾಗಿದೆ.

ಮುಂದಿನ ಏಪ್ರಿಲಿನಲ್ಲಿ ಗೋಡೆಯ ಬದಿಯ ಗೋರಟೆ ಕಡ್ಡಿಯಾಯಿತು. ಅಬ್ಬಲಿಗೆ ಬುಡಸಮೇತ ಹೋಯಿತು. ಕೇಪಳದ ಎಲೆ ಮುಟ್ಟಿದರೆ ಪುಡಿ. ಏನೋ ರೋಗವಿರಬೇಕೆಂದು ಒಂದು ಗೆಲ್ಲು ಮುರಿದು ಅಕ್ಕನಿಗೆ ತೋರಿಸಲು ಹೋದೆ. ಅವರು ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಸುರುಟುತ್ತಿದ್ದರು.

“ರೋಗ ಎಂತದೂ ಇಲ್ಲ. ನೀರಿಲ್ಲ ಅದಕ್ಕೆ” ಎಂದರು.

“ಹೋದ ವರ್ಷವೂ ಇರಲಿಲ್ಲವಲ್ಲ ಅಕ್ಕ.”

ಅವರ ಬೆರಳು ನಿಂತಿತು. “ಇತ್ತು ಮಾರಾಯ್ತಿ. ಬೀಡಿಯ ಎಲೆ ನೆನೆಸಿ ಉಳಿದ ನೀರು, ಅಕ್ಕಿ ತೊಳೆದದ್ದು. ದಿನಾ ಸಂಜೆ ಎರಡು ಬಾಲ್ದಿ ಗೋಡೆ ಮೇಲಿಂದ ಹೊಯ್ತಿದ್ದೆ. ಪಾಪ ಒಣಗ್ತದಲ್ಲಾ ಅಂತ. ನಿಮ್ಮ ಗೇಟಿನವರೆಗೆ ನನ್ನ ಕೈ ಮುಟ್ಟುವುದಿಲ್ಲ, ಇಲ್ಲದಿದ್ದರೆ ಅದಕ್ಕೂ ಹೊಯ್ತಿದ್ದೆ. ಮತ್ತೆ ನೀವು ಬೇಡ ಹೇಳಿದ್ರಿ, ನಿಲ್ಲಿಸಿದೆ.”

“ಅವತ್ತು ಮೂಡಬಿದ್ರೆಯಲ್ಲಿ ಯಾಕೆ ಹೇಳಲಿಲ್ಲ?”

“ಎಂತ ಹೇಳುವುದು? ಒಂದು ತೊಟ್ಟು ಹಾಕಲಿಲ್ಲ ಅಂದ್ರಿ. ಸತ್ಯವೇ ಅಲ್ವಾ. ಹಾಕಿದ್ದು ನಾನು.” ಅವರು ನಕ್ಕರು. ನನಗೆ ನಗಲು ಬರಲಿಲ್ಲ.

ಗೋಡೆಯ ದಿನ ನಾನು ಏನೆಂದಿದ್ದೆ ಎಂದು ಕೇಳಿದೆ. ಕೇಳಬಾರದಿತ್ತು. “‘ಇದೇನು ನಿಮ್ಮ ಚರಂಡಿಯಾ’ ಅಂದ್ರಿ. ಇರ್ಲಿ ಬಿಡಿ, ಹೊಸ ಬಣ್ಣ ಅಲ್ವಾ, ಬೇಜಾರಾಗ್ತದೆ.” ನನಗೆ ಆ ಮಾತಿನ ನೆನಪಿಲ್ಲ. ಹೇಳಿಲ್ಲ ಎನ್ನಲು ಧೈರ್ಯವೂ ಇಲ್ಲ. ನಾವು ಮಾತಾಡುವುದು ತುಳುವಿನಲ್ಲಿ. ನಾನು ಬರೆಯುವುದು ಕನ್ನಡದಲ್ಲಿ. ಈಚೆ ತರುವಾಗಲೇ ನನ್ನ ಮಾತುಗಳು ಒಂದಿಷ್ಟು ಮರ್ಯಾದೆ ಕಲಿತುಬಿಡುತ್ತವೆ.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಭಾಷಣದ ಹೊತ್ತಿಗೆ ನನಗೆ ಗೊತ್ತಿರಲಿಲ್ಲ ಎಂದು ಸಾಬೀತು ಮಾಡಿಕೊಳ್ಳಬೇಕಿತ್ತು. ಮೊದಲ ಬೇಸಿಗೆಯ ಮಾರ್ಚಿನ ಒಂದು ಪುಟದಲ್ಲಿ ನನ್ನದೇ ಅಕ್ಷರ: “ಸಂಜೆ ಗೋಡೆಯಾಚೆಯಿಂದ ನೀರು ಬಿದ್ದ ಸದ್ದು. ಒದ್ದೆ ಬೀಡಿ ಎಲೆಯ ವಾಸನೆ, ಚಹಾದ ಚರಟದಂತೆ. ಹಿತವಾಗಿದೆ.” ಅಂದರೆ ಕೇಳಿಸಿಕೊಂಡಿದ್ದೆ. ಮೂಸಿದ್ದೆ. ಬರೆದೂ ಇಟ್ಟಿದ್ದೆ. ಐದು ತಿಂಗಳ ನಂತರ ಮೈಕಿನ ಮುಂದೆ ನಿಂತಾಗ ಆ ವಾಸನೆ ಎಲ್ಲಿ ಹೋಗಿತ್ತು? ಮರೆತಿದ್ದೆನೋ, ಚಪ್ಪಾಳೆಗೆ ಅಡ್ಡಿಯಾಗದಿರಲೆಂದು ಮರೆಯಲು ಬಿಟ್ಟಿದ್ದೆನೋ ಎಂಬುದಕ್ಕೆ ಡೈರಿಯಲ್ಲಿ ಉತ್ತರವಿಲ್ಲ.

ಮರುದಿನ ಕೇಪಳದ ಬುಡವನ್ನು ಉಗುರಿನಿಂದ ಕೆರೆದು ನೋಡಿದೆ. ತೊಗಟೆಯ ಕೆಳಗೆ ತುಸು ಹಸಿರಿತ್ತು. ನೀರನ್ನು ಮೊದಲಿನಂತೆ ಹೊಯ್ಯುತ್ತೀರಾ ಎಂದು ಅಕ್ಕನನ್ನು ಕೇಳಿದೆ. “ಈಗ ಅದು ನನ್ನ ಬಸಳೆಗೆ. ಚಪ್ಪರ ತುಂಬ ಹಬ್ಬಿದೆ, ನಿಲ್ಲಿಸಲಿಕ್ಕೆ ಆಗುವುದಿಲ್ಲ. ನಿಮ್ಮ ಬಾವಿಯಲ್ಲಿ ನೀರು ಉಂಟಲ್ಲ?” ಉಂಟು. ಈಗ ಬಸ್ಸಿಗೆ ಮೊದಲು ನಾನೇ ಎರಡು ಬಾಲ್ದಿ ಹೊರುತ್ತೇನೆ. ಬುಡಕ್ಕೆ ತರಗೆಲೆ ಮುಚ್ಚುತ್ತೇನೆ. ಗೇಟಿನ ಬದಿಯಲ್ಲಿ ಮತ್ತೆ ನಂದಿಬಟ್ಟಲು ನೆಟ್ಟಿದ್ದೇನೆ. ಅದಕ್ಕೂ ನೀರು ಸಿಗುತ್ತಿದೆ, ಅದೂ ಚೆನ್ನಾಗಿಯೇ ಇದೆ.

ಹಂಚಿದ ಪಟ್ಟಿಯನ್ನು ವಾಪಸು ಪಡೆಯಬೇಕಿತ್ತು. ಸಂಘದವರಿಗೆ ಫೋನು ಮಾಡಿ ಶನಿವಾರದ ಸಭೆಯಲ್ಲಿ ಮಾತಾಡಲು ಹತ್ತು ನಿಮಿಷ ಕೇಳಿಕೊಂಡೆ. ಅಕ್ಕನನ್ನು ಕರೆದರೆ, “ಶನಿವಾರ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕುಂಟು, ನೀವು ಹೋಗಿ ಬನ್ನಿ” ಎಂದರು. ನನಗೆ ಹಗುರವಾಯಿತು. ಅದನ್ನೂ ಇಲ್ಲಿ ಬರೆಯಬೇಕು.

ಸಭೆಯಲ್ಲಿ ಎದ್ದು ನಿಂತು, ಯಾವ ಹೂವಿನ ಗಿಡಕ್ಕೂ ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು, ಆಮೇಲೆ ಹೆಚ್ಚಿನವನ್ನು ಬಿಟ್ಟರೂ ನಡೆಯುತ್ತದೆ, ನನ್ನ ಪಟ್ಟಿ ತಪ್ಪು ಎಂದೆ. ಅಷ್ಟು ಸರಿಯಾಗಿಯೇ ಹೇಳಿದೆ. ಆಮೇಲೆ, “ನಮ್ಮ ತೋಟಕ್ಕೆ ಪಕ್ಕದ ಮನೆಯವರು ಸ್ವಲ್ಪ ಸಹಾಯ ಮಾಡುತ್ತಿದ್ದರು” ಎಂದೆ. ಎರಡನೇ ಸಾಲಿನ ಹೆಂಗಸೊಬ್ಬರು, “ಅಯ್ಯೋ ಟೀಚರ್, ನಿಮ್ಮ ಮಾತು ಕೇಳಿ ನಮ್ಮ ಅತ್ತೆಯ ನಂದಿಬಟ್ಟಲು ತೆಗೆಸಿಬಿಟ್ಟೆನಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಗೇಟು ತೆಗೆಯುವಾಗ ಅಕ್ಕ ಗೋಡೆಯ ಮೇಲಿಂದ ತಲೆ ಎತ್ತಿ, “ಹೇಳಿದ್ರಾ?” ಎಂದು ಕೇಳಿದರು.

“ಹೇಳಿದೆ. ಆದರೆ ‘ಸ್ವಲ್ಪ’ ಅಂದೆ ಅಕ್ಕ. ‘ಸ್ವಲ್ಪ ಸಹಾಯ’ ಅಂದೆ.”

ಅವರು ಈ ಸಲ ನಗಲಿಲ್ಲ. “ದಿನಕ್ಕೆ ಎರಡು ಬಾಲ್ದಿ” ಎಂದು ಹೇಳಿ ಒಳಗೆ ಹೋದರು.