ಸಂಗನಬಸಪ್ಪನವರ ಬೆಲ್ಲದ ಕೈ

ಬೈರಿದೇವರಕೊಪ್ಪದ ಹತ್ತಿ ದಲಾಲರಾದ ಸಂಗನಬಸಪ್ಪನವರಿಗೆ ಕೊರಳಲ್ಲಿ ಲಿಂಗದ ಕರಡಿಗೆ ಹೇಗೋ ಕಿಸೆಯಲ್ಲಿ ಸಕ್ಕರೆ ಅಳೆಯುವ ಮೀಟರು ಹಾಗೆ, ಅದಿಲ್ಲದೆ ಹೊಸ್ತಿಲು ದಾಟುವವರಲ್ಲ. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಸೂಜಿ: "ಬೆರಳ ಕೊಡ್ರಿ, ಒಂದ ಹನಿ ಸಾಕು." ಹಾಲಿನವನೂ ತಪ್ಪಿಸಿಕೊಂಡಿಲ್ಲ, ಲಗ್ನಪತ್ರಿಕೆ ಕೊಡಲು ಬಂದ ಬೀಗರೂ ತಪ್ಪಿಸಿಕೊಂಡಿಲ್ಲ. ಅಂಕಿ ಮೂಡುವ ಐದು ಸೆಕೆಂಡು ಇವರು ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಾರೆ; ಬೆರಳು ಯಾರದಾದರೂ ಬೆವರು ಇವರದೇ. ಅಪ್ಪನ ಬಲಗಾಲನ್ನು ಸಕ್ಕರೆ ಕಾಯಿಲೆ ತಿಂದದ್ದನ್ನು ಕಣ್ಣಾರೆ ಕಂಡವರು. ಬಟಾಟೆಯ ಹೆಸರೆತ್ತಿದರೂ ಸಾಕು, "ಅದೂ ಒಳಗ ಹೋಗಿ ಸಕ್ಕರೀನ ಆಗೂದು" ಎಂದು ತಟ್ಟೆ ಸರಿಸುತ್ತಾರೆ. ಹೋದ ವರ್ಷ ಸೀಗಿ ಹುಣ್ಣಿಮೆಯಂದು, ಹೋಳಿಗೆ ಮುರಿದ ಕೈ ತೊಳೆಯದೆ ಚುಚ್ಚಿಕೊಂಡು ನಾನೂರ ಹನ್ನೆರಡು ಬಂದಾಗ, ವಿಭೂತಿ ಹಚ್ಚಿಕೊಂಡು ಮಲಗಿಯೇಬಿಟ್ಟಿದ್ದರು. ಬೆರಳಿನ ಬೆಲ್ಲ ಮೀಟರಿನ ಪಟ್ಟಿಗೆ ತಗುಲಿದೆ, ಅಷ್ಟೇ ಎಂದು ಡಾಕ್ಟರು ನಕ್ಕ ಮೇಲೆ ಎದ್ದು ಕುಳಿತರು. "ಪಟ್ಟಿ ತುದಿಗೆ ಕಿಣ್ವ ಹಚ್ಚಿರ್ತಾರ್ರಿ, ಅದು ಬೆಲ್ಲ ಕಂಡ್ರ ಬಿಡೂದಿಲ್ಲ" ಎಂದು ಅಂದಿನಿಂದ ಎಲ್ಲರಿಗೂ ಪಾಠ. ಈಗೀಗ ತಮ್ಮದೇ ಬೆರಳು ಚುಚ್ಚಿ ಮುನ್ನೂರು ದಾಟಿದ ಅಂಕಿ ಕಂಡಾಗಲೆಲ್ಲ ಮೀಟರನ್ನು ಮುಷ್ಟಿಯಲ್ಲಿ ಮುಚ್ಚಿ, "ನೀಲವ್ವಾ, ಕೈಗೆ ಬೆಲ್ಲ ಹತ್ತೇತಿ, ನೀರ ಹಾಕ" ಎಂದು ಹೆಂಡತಿಯನ್ನು ಕೂಗುತ್ತಾರೆ. ಆ ಮನೆಗೆ ಬೆಲ್ಲ ಬಾರದೆ ವರ್ಷವಾಯಿತು. ತರುವುದನ್ನು ನಿಲ್ಲಿಸಿದವಳೇ ನೀಲವ್ವ. ಆದರೂ ಅವಳು ಆ ಕೈಗಳ ಮೇಲೆ ಮತ್ತೊಂದು ತಂಬಿಗೆ ನೀರು ಸುರಿಯುತ್ತಾಳೆ.