ನೋರೀನಳ ಉದ್ದಕತ್ತಿನ ಡೈನೋಸಾರ್

ನಮ್ಮ ಬೀದಿಯಲ್ಲಿ ಹಾಲಿನ ಪ್ಲಾಸ್ಟಿಕ್ ಕ್ಯಾನು ಖಾಲಿಯಾದರೆ ಯಾರೂ ಬಿಸಾಡುವುದಿಲ್ಲ. ತೊಳೆದು, ನೋರೀನ್ ಟ್ರಾಂಟರಳ ಗೇಟಿಗೆ ಸಿಕ್ಕಿಸಿ ಹೋಗುತ್ತೇವೆ. ಮೊಟ್ಟೆಯ ಟ್ರೇ, ಬಿಯರ್ ಬಾಟಲಿಯ ಮುಚ್ಚಳ, ತೂತುಬಿದ್ದ ನೀರಿನ ಪೈಪು, ಎಲ್ಲ ಅವಳಿಗೇ. ಅವಳು ನಮ್ಮೂರ ಪುಟ್ಟ ಶಾಲೆಯನ್ನು ಗುಡಿಸಿ ಒರೆಸುವವಳು. ಕೆಲಸ ಮುಗಿಸಿ ಪೊರಕೆ ಮೂಲೆಗಿಟ್ಟ ಮೇಲೆ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಡೈನೋಸಾರ್ ಮಾಡಿಸುತ್ತಾಳೆ. ರೈಲು, ಹಡಗು ಅಂದರೆ ನಮ್ಮ ಮಕ್ಕಳು ಮೂಗು ಮುರಿಯುತ್ತಾರೆ. ಕುರಿ ಹೊಡೆದುಕೊಂಡು ಹೋದ ಅಪ್ಪಂದಿರು ಡೈನೋಸಾರ್ ಮೂಳೆ ಎಡವಿ ಬರುವ ಬಯಲು ಇದು, ಅವರಿಗೆ ಬೇರೇನು ರುಚಿಸೀತು?

ಅವಳ ಗಂಡ ಸೆಸ್ ಸಂಜೆ ಬಾಟಲಿ ಬಿಚ್ಚುತ್ತಾ ನನಗೆ ಹೇಳುತ್ತಿದ್ದ, "ನೋಡು ಡಾಟ್, ನಾನು ಕುಡಿಯೋದು ಮಕ್ಕಳಿಗೋಸ್ಕರ. ಡೈನೋಸಾರ್ ಬೆನ್ನಿಗೆ ಇನ್ನೂ ಮುಚ್ಚಳ ಬೇಕಂತೆ."

"ನಿನ್ನನ್ನೇ ನಂಬಿಕೊಂಡಿದ್ರೆ ಬೆನ್ನು ಮಾತ್ರ ಇರ್ತಿತ್ತು, ಕಾಲೇ ಇರ್ತಿರಲಿಲ್ಲ," ಅನ್ನುತ್ತಿದ್ದಳು ನೋರೀನ್.

ಪ್ರತಿ ವರ್ಷ ಪಕ್ಕದ ದೊಡ್ಡ ಊರಲ್ಲಿ ಕೃಷಿ ಪ್ರದರ್ಶನ ನಡೆಯುತ್ತದೆ. ಅಲ್ಲಿ, ಮನೆಯಲ್ಲಿ ಬಿಸಾಡಿದ ವಸ್ತುಗಳಿಂದ ಮಕ್ಕಳು ಮಾಡಿದ್ದಕ್ಕೂ ಒಂದು ಮೇಜು. ಮೊದಲ ಬಹುಮಾನದ ನೀಲಿ ಕಾರ್ಡು ಯಾವಾಗಲೂ ಆ ಊರಿನ ಶಾಲೆಗೇ. ಈ ಸಲ ನಮ್ಮ ಟೀಗನ್, ಮುಂದಿನ ಹಲ್ಲು ಬಿದ್ದ ಹುಡುಗಿ, ಕೇಳಿಯೇಬಿಟ್ಟಳು: "ಮಿಸ್, ನಮಗೆ ಒಂದ್ಸಲನೂ ನೀಲಿ ಕಾರ್ಡು ಬರಲ್ವಾ?"

"ಬರುತ್ತೆ ಕಣೇ. ನಮ್ಮದು ಆ ಮೇಜಿನ ಮೇಲೆ ತಲೆ ಎತ್ಕೊಂಡು ನಿಲ್ಲುತ್ತೆ, ನೋಡ್ತಿರು," ಎಂದು ನೋರೀನ್ ಮಾತು ಕೊಟ್ಟಳು.

ಹಾಲಿನ ಕ್ಯಾನಿನ ಹೊಟ್ಟೆ, ಪೈಪಿನ ಬಾಲ, ಮುಚ್ಚಳಗಳ ಬೆನ್ನು. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಗಳನ್ನು ಒಂದರ ಮೇಲೊಂದು ಬಿಸಿ ಅಂಟು ಹಾಕಿ ನಿಲ್ಲಿಸಿದ ಕತ್ತು. ಎಂಥ ಕತ್ತು ಅಂತೀರಿ! ಪಕ್ಕದಲ್ಲಿ ಕೂತ ಟೀಗನಳ ತಲೆಗಿಂತ ಮೇಲಿತ್ತು.

ಪ್ರದರ್ಶನದ ದಿನ ಅದನ್ನು ಪಿಕಪ್ಪಿನ ಸೀಟಿನ ಮೇಲೆ ಕೂರಿಸಿಕೊಂಡು ನೋರೀನ್, ಸೆಸ್, ನಾನು ಮೂವರೂ ಹೋದೆವು. ಮಕ್ಕಳು ಬಸ್ಸಲ್ಲಿ. ಮೇಜು ಇನ್ನೂ ಹಾಕಿರಲಿಲ್ಲ. ಅಷ್ಟರಲ್ಲಿ ಚಹಾದ ಜೊತೆ ಕೊಡುವ ಸ್ಕೋನ್ ಬನ್ನಿಗೆ ಬೆಣ್ಣೆ ಹಚ್ಚಲು ಹೆಂಗಸರ ಅಡುಗೆಮನೆಯಿಂದ ಕರೆ ಬಂತು. ನೋರೀನ್ ಗಾಡಿಯ ಗಾಜು ಪೂರ್ತಿ ಏರಿಸಿ, ಬಾಗಿಲು ಹಾಕಿ ಬಂದಳು.

ಸೀಮೆಬದನೆ ಕಾಲದಲ್ಲಿ ನಮ್ಮ ಕಡೆ ಗಾಜು ಇಳಿಸಿಟ್ಟು ಹೋಗುವವರು ಯಾರೂ ಇಲ್ಲ. ಕಳ್ಳರ ಭಯದಿಂದಲ್ಲ. ಮನೆಮನೆಯ ಕೋಳಿಗೂಡಿನ ಮೇಲೂ ಆ ಬಳ್ಳಿ ಹಬ್ಬಿರುತ್ತದೆ. ತಿಂದು ಸಾಕಾದವರು ಉಳಿದ ಕಾಯನ್ನು ಕಂಡವರ ಸೀಟಿನ ಮೇಲೆ ಸುರಿದು ಏನೂ ಗೊತ್ತಿಲ್ಲದವರಂತೆ ಹೋಗಿಬಿಡುತ್ತಾರೆ.

ನಾವು ವಾಪಸು ಬಂದು ಬಾಗಿಲು ತೆಗೆದರೆ ಒಲೆಯ ಬಾಯಿ ತೆರೆದಂತೆ ಧಗೆ. ಅಂಟು ಕರಗಿ ಕತ್ತು ಬಾಗಿ ಮೂತಿ ನೆಲಕ್ಕೆ ತಾಗಿತ್ತು. ಸಾಲದ್ದಕ್ಕೆ ಗಾಡಿಯ ಹಿಂದಿನ ತೆರೆದ ತೊಟ್ಟಿಯಲ್ಲಿ ಯಾರೋ ಒಂದು ಚೀಲ ಸೀಮೆಬದನೆ ಇಟ್ಟು ಹೋಗಿದ್ದರು!

ಮಕ್ಕಳು ಓಡಿಬಂದರು. ನೋರೀನ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಂಟಿನ ಗನ್ನು ಮನೇಲಿದೆ ಡಾಟ್. ತೀರ್ಪುಗಾರ್ತಿ ಆಗಲೇ ಒಳಗೆ ಹೋದ್ಲು."

ಟೀಗನ್ ಬಗ್ಗಿ ನೋಡಿ ಮೆಲ್ಲಗೆ ಅಂದಳು, "ಪಾಪ, ಅದೇನೋ ಹುಡುಕ್ತಿದೆ."

ನೋರೀನ್ ತಲೆ ಎತ್ತಿ ಡೈನೋಸಾರನ್ನು ನೋಡಿದಳು, ಆ ಚೀಲವನ್ನು ನೋಡಿದಳು. ಆಮೇಲೆ ಗಂಡನ ತಲೆ ನೋಡಿದಳು.

"ಸೆಸ್, ಟೋಪಿ ಕೊಡು."

"ಯಾಕೆ?"

"ಗೂಡಿಗೆ. ಬಿಸಾಡಿದ ವಸ್ತು ಬೇಕು."

"ಇನ್ನೂ ತಲೆ ಮೇಲಿದೆ ಕಣೇ!"

"ಬಿಸಾಡಬೇಕಾಗಿ ಎಷ್ಟು ವರ್ಷ ಆಯ್ತು!"

ಟೋಪಿ ಮಗುಚಿ, ಒಣಹುಲ್ಲು ಹಾಸಿ, ಒಳಗೆ ಸೀಮೆಬದನೆ ಜೋಡಿಸಿದರು. ಹಸಿರು ಹಸಿರು ಸುಕ್ಕುಮೊಟ್ಟೆ. ಬಾಗಿದ ಕತ್ತಿನ ಕೆಳಗಿಟ್ಟಾಗ ನನಗೇ ಮೈ ಜುಮ್ಮೆಂದಿತು. ಮೊಟ್ಟೆ ಮೂಸಿ ನೋಡುವ ತಾಯಿ ಅದು, ಬೇರೇನಲ್ಲ.

ಮೇಜಿನ ಉಸ್ತುವಾರಿ ಮೇವಿಸ್ ಪೆಟಿಗ್ರೂ ಅಡ್ಡ ಬಂದಳು. "ತರಕಾರಿ ಆಚೆ ಷೆಡ್ಡಲ್ಲಿ, ನೋರೀನ್. ಇಲ್ಲಿ ಬಿಸಾಡಿದ್ದು ಮಾತ್ರ."

"ಈ ಜಿಲ್ಲೇಲಿ ಇದಕ್ಕಿಂತ ಹೆಚ್ಚು ಬಿಸಾಡೋ ವಸ್ತು ಯಾವುದಿದೆ ಹೇಳು ಮೇವಿಸ್? ನಮ್ಮ ಗಾಡೀಲೇ ಬಿಸಾಡಿ ಹೋಗಿದ್ರು. ನೋಡು, ಚೀಲನೂ ಇದೆ."

ಹಳೇ ದಿಂಬಿನ ಚೀಲ, ಮೂಲೆಯಲ್ಲಿ ನೇರಳೆ ಹೂವಿನ ಕಸೂತಿ. ಆ ಕಸೂತಿ ಯಾರ ಕೈಯದೆಂದು ಅಡುಗೆಮನೆಯ ಎಲ್ಲ ಹೆಂಗಸರಿಗೂ ಗೊತ್ತು. ಮೇವಿಸ್ ಕಿವಿಯವರೆಗೂ ಕೆಂಪಾದಳು.

"ಹೂಂ... ಬಿಸಾಡಿದ್ದೇ," ಎಂದು ಗೊಣಗಿ ದಾರಿ ಬಿಟ್ಟಳು. ತೀರ್ಪುಗಾರ್ತಿ ನಕ್ಕು ನಕ್ಕು, ಕಣ್ಣೊರೆಸಿಕೊಂಡು, ನೀಲಿ ಕಾರ್ಡನ್ನು ಸೆಸ್‌ನ ಟೋಪಿಯ ಅಂಚಿಗೆ ಒರಗಿಸಿದಳು. ಮಕ್ಕಳ ಕೂಗಿಗೆ ಪಕ್ಕದ ಷೆಡ್ಡಿನ ಹುಂಜಗಳೂ ಕೂಗಿದವು.

"ತಲೆ ಎತ್ತಲೇ ಇಲ್ಲವಲ್ಲ ಮಿಸ್?" ಅಂದಳು ಟೀಗನ್.

"ಮರಿ ಹೊರಗೆ ಬರಲಿ, ಎತ್ತುತ್ತೆ."

ಸಂಜೆ ಟೀಗನ್ ಕಾರ್ಡು ಹಿಡಿದು ನಮ್ಮ ಜೊತೆಯೇ ಹೊರಟಳು. ಧಗೆಗೆ ಹೆದರಿ ನೋರೀನ್ ಈ ಸಲ ಗಾಜು ಇಳಿಸಿಟ್ಟಿದ್ದಳು. ಸೀಟಿನ ತುಂಬಾ ಸೀಮೆಬದನೆ! ಟೀಗನ್ ಒಂದನ್ನು ತೊಡೆಯ ಮೇಲಿಟ್ಟು ಸವರಿದಳು.

"ಮಿಸ್, ಇವಕ್ಕೂ ಅಮ್ಮ ಬೇಕಲ್ವಾ?"

ನೋರೀನ್ ಬೋಳುತಲೆಯ ಗಂಡನ ಕಡೆ ತಿರುಗಿದಳು. "ಸೆಸ್, ಇನ್ನೊಂದು ಹೊಟ್ಟೆಗೆ ಕ್ಯಾನು ಬೇಕು. ನಾಳೆಯಿಂದ ಹಾಲು ಕುಡಿ."