ಇಪ್ಪತ್ತೇಳು ಚಹಾ ಯಂತ್ರಗಳ ಲುಂಬಿನಿ

ಬೆಳಗಿನ ಐದೂವರೆ. ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಗೇಟಿನೆದುರು ಲುಂಬಿನಿ ಚಹಾ ಯಂತ್ರದೊಳಗೆ ಮೊಣಕೈವರೆಗೆ ಕೈ ಹಾಕಿ ಕೂತಿದ್ದಾರೆ. ಒಳಗಿನ ನೀರಿನ ತೊಟ್ಟಿಗೆ ಸುಣ್ಣ ಗಟ್ಟಿಯಾಗಿ ಕಚ್ಚಿಕೊಂಡಿದೆ. ಆರಕ್ಕೆ ಪಾಳಿ ಬದಲಾದರೆ ನಾನ್ನೂರು ಜನ ಒಮ್ಮೆಲೇ ಚಹಾ ಕೇಳುತ್ತಾರೆ. ಯಂತ್ರದ ಒಡತಿ ಅನಸುಬಾಯಿ ಕಪ್ಪುಗಳನ್ನು ಜೋಡಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಜೋಡಿಸುತ್ತಾರೆ.

ಅವರಿಗಾದರೂ ಸಮಾಧಾನ ಎಲ್ಲಿಂದ ಬರಬೇಕು? ಈ ತಿಂಗಳು ಯಂತ್ರ ಎರಡು ಸಲ ನಿಂತಿದೆ. ಮೂರನೆಯ ಸಲ ನಿಂತರೆ ಜಾಗ ಹೊರಗಿನ ಕಂಪನಿಗೆ ಎಂದು ಗೇಟಿನ ಅಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದಾರೆ. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ.

ಸನ್ನತಿಯ ಲುಂಬಿನಿಗೆ ಮೂವತ್ತಾರು ವರ್ಷ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಚಹಾ ಯಂತ್ರದವರು ಕಟ್ಟಿಕೊಂಡ ಸಂಘಕ್ಕೆ ಇವರೊಬ್ಬರೇ ಮೆಕ್ಯಾನಿಕ್. ಯಂತ್ರ ಇಪ್ಪತ್ತೇಳು, ಸ್ಕೂಟಿ ಒಂದು. ಐಟಿಐ ಮುಗಿಸಿದಾಗ ಹೆಣ್ಣುಮಗಳ ಕೈಗೆ ನಟ್ಟು ಬಿಗಿಯುವ ಪಾನಾ ಕೊಡಲು ಯಾವ ಗ್ಯಾರೇಜಿನವರೂ ಮನಸ್ಸು ಮಾಡಲಿಲ್ಲ. ಸಂಘದವರೂ ಪ್ರೀತಿಯಿಂದ ಕರೆದದ್ದಲ್ಲ. ದೂರದ ಮೆಕ್ಯಾನಿಕ್‌ಗಳು ಕೈಕೊಟ್ಟ ಮೇಲೆ ಗತಿಯಿಲ್ಲದೆ ಕರೆದರು. ಕಲ್ಲಿನ ಸೀಮೆ, ಬೋರಿನ ನೀರು. ಹದಿನೈದು ದಿನಕ್ಕೊಮ್ಮೆ ನಿಂಬೆಉಪ್ಪು ಹಾಕಿ ತೊಳೆಯದಿದ್ದರೆ ಯಂತ್ರ ಮುಷ್ಕರ ಹೂಡುತ್ತದೆ.

ತೊಳೆಯಲಿ, ರಿಪೇರಿ ಮಾಡಲಿ, ಮೊದಲ ಕಪ್ಪನ್ನು ಮೆಕ್ಯಾನಿಕ್ಕೇ ಕುಡಿಯಬೇಕೆಂಬುದು ಸಂಘದ ಕಟ್ಟಳೆ. ಅದು ಹುಟ್ಟಿದ್ದು ಲುಂಬಿನಿಯ ತಪ್ಪಿನಿಂದ. ಶಹಾಬಾದಿನಲ್ಲಿ ಒಮ್ಮೆ ಅವಸರಕ್ಕೆ ಆ ಹುಳಿನೀರನ್ನು ಪೂರ್ತಿ ಹೊರಹಾಕಲಿಲ್ಲ. ಹಾಲು ಒಡೆದು, ಕುಡಿದವರೆಲ್ಲ ಅಲ್ಲೇ ಉಗುಳಿದರು. “ಅವತ್ತ ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅನಿಸ್ತರಿ” ಎನ್ನುತ್ತಾರೆ ಲುಂಬಿನಿ. ಈಗ ದಿನಕ್ಕೆ ಎಂಟು ಕಪ್ಪಾದರೂ ಹೊಟ್ಟೆಗೆ ಬೀಳುತ್ತದೆ. ಆಸಿಡಿಟಿ ಮಾತ್ರೆ ಟೂಲ್ ಬಾಕ್ಸಿನಲ್ಲೇ ಇರುತ್ತದೆ.

ಲುಂಬಿನಿಯ ಫೋನು ಬಡಿದುಕೊಳ್ಳುತ್ತದೆ. ಚಿಂಚೋಳಿ ಪಕ್ಕದ ಚಂದಾಪುರದ ಯಂತ್ರದಲ್ಲಿ ನೀರು ಸೋರುತ್ತಿದೆಯಂತೆ. ಮಧ್ಯಾಹ್ನದೊಳಗೆ ಬರುವುದಾಗಿ ಹೇಳಿ, ಫೋನನ್ನು ಹೆಗಲಿಗೆ ಒತ್ತಿಕೊಂಡೇ ನಟ್ಟು ಬಿಗಿಯುತ್ತಾರೆ. ಆರಕ್ಕೆ ಐದು ನಿಮಿಷ ಇರುವಾಗ ಯಂತ್ರ ಬಿಸಿಯಾಗುತ್ತದೆ. ಒಂದು ಕಪ್ಪು ಕುಡಿದು ತಲೆಯಾಡಿಸುತ್ತಾರೆ. ಅನಸುಬಾಯಿ ಉಸಿರು ಬಿಡುತ್ತಾರೆ. ಪಾಳಿಯ ಜನ ಮುಗಿಬೀಳುತ್ತಾರೆ.

ಹಿಂದಿನ ಎರಡು ಸಲವೂ ಹತ್ತು ನಿಮಿಷದ ಕೆಲಸವಿತ್ತು. ಆದರೆ ಯಂತ್ರದ ಮೇಲೆ ಅಂಟಿಸಿದ್ದು ಸಂಘದ ಅಧ್ಯಕ್ಷ ಗೊಲ್ಲಾಳಪ್ಪನವರ ನಂಬರು. ರಾತ್ರಿ ಪಾಳಿಗೆ ಅನಸುಬಾಯಿ ಇರುವುದಿಲ್ಲ; ಗೇಟಿನ ಕಾವಲುಗಾರ ಅಧ್ಯಕ್ಷರಿಗೆ ಹೇಳಿ, ಅವರು ಕಾರ್ಯದರ್ಶಿಗೆ ಹೇಳಿ, ಸುದ್ದಿ ಲುಂಬಿನಿಗೆ ಮುಟ್ಟುವಷ್ಟರಲ್ಲಿ ಪಾಳಿಯೇ ಮುಗಿದಿತ್ತು. ತಮ್ಮ ನಂಬರು ಹಾಕಿರೆಂದು ಲುಂಬಿನಿ ಎರಡು ಸಭೆಯಲ್ಲಿ ಕೇಳಿಕೊಂಡರು. ಸಂಘದವರು ನೋಡೋಣ ಎಂದರು, ನೋಡಲಿಲ್ಲ. ಸಿಟ್ಟು ಬರುವ ಮಾತೇ.

ಇವತ್ತು ಲುಂಬಿನಿ ಯಾರನ್ನೂ ಕೇಳುವುದಿಲ್ಲ. ಅಧ್ಯಕ್ಷರ ಸ್ಟಿಕರ್ ಕಿತ್ತು, ಮಾರ್ಕರ್ ಪೆನ್ನಿನಿಂದ ತಮ್ಮ ಹತ್ತು ಅಂಕಿಗಳನ್ನು ದಪ್ಪಗೆ ಬರೆಯುತ್ತಾರೆ. ಹೆಸರು ಬರೆಯುವುದಿಲ್ಲ.

“ಗೊಲ್ಲಾಳಪ್ಪನೋರು ಸಿಟ್ಟಿಗೆದ್ರ?” ಅನಸುಬಾಯಿಗೆ ಅಳುಕು.

ಲುಂಬಿನಿ ಆಗಲೇ ಸ್ಕೂಟಿ ಹತ್ತಿದ್ದಾರೆ. “ಏಳಲಿ ಬಿಡ್ರಿ ಕಾಕಿ. ಬೈಲಿಕ್ಕರ ಸೀದಾ ನನಗೇ ಫೋನ್ ಹಚ್ಚಲಿ.”